ಕಪ್ಪಾದುದೆಲ್ಲ ಕಾವಲಲ್ಲ

ಬಿಸಿಲಿನಲ್ಲಿ ಧರಿಸುವ ಬಣ್ಣದ ಕನ್ನಡಕಕ್ಕೆ ಕನ್ನಡಿಗರು ‘ತಂಪು ಕನ್ನಡಕ’ ಎಂದೋ ‘ಕೂಲಿಂಗ್ ಗ್ಲಾಸ್’ ಎಂದೋ ಹೆಸರಿಟ್ಟಿದ್ದಾರೆ. ಹೆಸರು ಸೊಗಸಾಗಿದ್ದರೂ ಅದು ಈ ಸಾಧನದ ಎರಡು ಕೆಲಸಗಳಲ್ಲಿ ಒಂದನ್ನು ಮಾತ್ರ ಹೇಳುತ್ತದೆ. ಕಣ್ಣು ಕುಕ್ಕುವ ಬೆಳಕನ್ನು ತಗ್ಗಿಸಿ ನೋಟವನ್ನು ಹಿತವಾಗಿಸುವುದು ಮೊದಲ ಕೆಲಸವಾದರೆ, ಬಿಸಿಲಿನೊಂದಿಗೆ ಬರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ತಡೆದು ಕಣ್ಣಿನ ಅಂಗಾಂಶಗಳನ್ನು ಕಾಯುವುದು ಎರಡನೆಯದು. ಮೊದಲನೆಯದರ ಫಲ ಧರಿಸಿದ ಕ್ಷಣದಲ್ಲಿಯೇ ಅನುಭವಕ್ಕೆ ಬರುತ್ತದೆ. ಎರಡನೆಯದು ನಡೆಯುತ್ತಿದೆಯೋ ಇಲ್ಲವೋ ಎಂಬುದನ್ನು ಯಾವ ಕಣ್ಣೂ ತಾನಾಗಿ ಹೇಳಲಾರದು. ಈ ಎರಡನ್ನೂ ಒಂದೇ ಎಂದು ಎಣಿಸುವುದರಿಂದಲೇ ಮಸೂರ ಎಷ್ಟು ಕಪ್ಪೋ ರಕ್ಷಣೆ ಅಷ್ಟು ಎಂಬ ನಂಬಿಕೆ ಹುಟ್ಟಿದೆ, ಕನ್ನಡಕ ಕೊಳ್ಳುವಾಗ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ನಂಬಿಕೆಯ ಬೆನ್ನಿಗೇ ಬಂದಿವೆ.

ಕಾಣದ ಕಿರಣ, ನಿಧಾನದ ಹಾನಿ

ಬೆಳಕಿನ ಅಲೆಯ ಉದ್ದವನ್ನು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗವಾದ ನ್ಯಾನೊಮೀಟರಿನಲ್ಲಿ ಅಳೆಯುತ್ತಾರೆ. ಮನುಷ್ಯನ ಕಣ್ಣಿಗೆ ಗೋಚರವಾಗುವುದು ಸುಮಾರು 400ರಿಂದ 700 ನ್ಯಾನೊಮೀಟರಿನವರೆಗಿನ, ಅಂದರೆ ನೇರಳೆಯಿಂದ ಕೆಂಪಿನವರೆಗಿನ ಬೆಳಕು. ನೇರಳೆಯ ಆಚೆಯೂ ಕಿರಣಗಳಿವೆ ಎಂಬುದನ್ನು 1801ರಲ್ಲಿ ಜರ್ಮನಿಯ ವಿಜ್ಞಾನಿ ಯೋಹಾನ್ ವಿಲ್‌ಹೆಲ್ಮ್ ರಿಟ್ಟರ್ ತೋರಿಸಿದನು. ಪಟ್ಟಕದಿಂದ ಬಿಡಿಸಿದ ಬಣ್ಣದ ಪಟ್ಟಿಯಲ್ಲಿ ನೇರಳೆಯ ಹೊರಗೆ, ಬೆಳಕೇ ಇಲ್ಲವೆಂದು ತೋರುವ ಜಾಗದಲ್ಲಿ ಇಟ್ಟ ಸಿಲ್ವರ್ ಕ್ಲೋರೈಡ್ ಲವಣವು ಉಳಿದೆಡೆಗಳಿಗಿಂತ ಬೇಗ ಕಪ್ಪಾದದ್ದು ಅವನಿಗೆ ಸಿಕ್ಕ ಸಾಕ್ಷ್ಯ. ಇಂದು ಈ ಕಿರಣಗಳನ್ನು ಮೂರಾಗಿ ವಿಂಗಡಿಸುತ್ತಾರೆ. 280 ನ್ಯಾನೊಮೀಟರಿಗಿಂತ ಕಿರಿದಾದ ಯುವಿ-ಸಿ ಕಿರಣಗಳನ್ನು ವಾತಾವರಣವೇ ಹೀರಿಕೊಳ್ಳುತ್ತದೆ. 280ರಿಂದ 315ರವರೆಗಿನ ಯುವಿ-ಬಿ ಕಿರಣಗಳಲ್ಲಿ ಒಂದಂಶ ನೆಲವನ್ನು ತಲುಪುತ್ತದೆ. 315ರಿಂದ 400ರವರೆಗಿನ ಯುವಿ-ಎ ಕಿರಣಗಳು ಹೆಚ್ಚಿನ ತಡೆಯಿಲ್ಲದೆ ಇಳಿದುಬರುತ್ತವೆ.

ಕಣ್ಣಿನೊಳಗೆ ಈ ಕಿರಣಗಳು ಬೇರೆ ಬೇರೆ ಆಳಕ್ಕೆ ಹೋಗುತ್ತವೆ. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾ ಯುವಿ-ಬಿಯ ಬಹುಪಾಲನ್ನು ತಾನೇ ಹೀರಿಕೊಳ್ಳುತ್ತದೆ. ಅದನ್ನು ದಾಟಿದ ಯುವಿ-ಎಯನ್ನು ಹಿಂದಿರುವ ಸಹಜ ಮಸೂರ ಹಿಡಿದಿಡುತ್ತದೆ. ಹೀಗಾಗಿ ಬೆಳೆದವರಲ್ಲಿ ನೋಟದ ಪರದೆಯಾದ ರೆಟಿನಾವನ್ನು ತಲುಪುವ ನೇರಳಾತೀತ ಕಿರಣ ಅತ್ಯಲ್ಪವಾಗಿದ್ದರೂ, ಮಸೂರ ಇನ್ನೂ ತಿಳಿಯಾಗಿರುವ ಎಳೆಯ ಮಕ್ಕಳಲ್ಲಿ ಅದರ ಪ್ರಮಾಣ ಹೆಚ್ಚು. ತಡೆಗೋಡೆಯಾಗಿ ನಿಂತ ಅಂಗವೇ ಪೆಟ್ಟನ್ನೂ ತಿನ್ನುತ್ತದೆ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ವೆಲ್ಡಿಂಗ್ ಕಿಡಿಯನ್ನು ಬರಿಗಣ್ಣಿನಿಂದ ನೋಡಿದವರಿಗೆ ಕೆಲವು ಗಂಟೆಗಳ ಬಳಿಕ ಕಣ್ಣಿಗೆ ಮರಳು ಬಿದ್ದಂತೆ ಉರಿ, ನೀರು, ನೋವು ಕಾಣಿಸಿಕೊಳ್ಳುವುದು ಕಾರ್ನಿಯಾದ ಮೇಲ್ಪದರ ಸುಟ್ಟುದರ ಪರಿಣಾಮ. ಹಿಮಪ್ರದೇಶದಲ್ಲಿ ಕನ್ನಡಕವಿಲ್ಲದೆ ಅಲೆದವರಿಗೆ ಬರುವ ‘ಹಿಮಗುರುಡು’ ಕೂಡ ಇದೇ ಬಗೆಯದು. ಇವು ಒಂದೆರಡು ದಿನಗಳಲ್ಲಿ ಮಾಯುತ್ತವೆ.

ಮಾಯದ ಹಾನಿಗಳು ವರ್ಷಗಟ್ಟಲೆ ಸದ್ದಿಲ್ಲದೆ ಸೇರುತ್ತ ಹೋಗುತ್ತವೆ. ಮಸೂರದ ಪ್ರೋಟೀನುಗಳು ಕೆಟ್ಟು ಅದು ಮಬ್ಬಾಗುವ ಸ್ಥಿತಿಯೇ ಕಣ್ಣಿನ ಪೊರೆ. ವಯಸ್ಸು, ಸಕ್ಕರೆ ಕಾಯಿಲೆ, ಧೂಮಪಾನ ಮುಂತಾದ ಹಲವು ಕಾರಣಗಳ ಜೊತೆಗೆ ನೇರಳಾತೀತ ಕಿರಣವೂ ಅದಕ್ಕೆ ಒಂದು ಕಾರಣವಾಗಿದ್ದು, ಪೊರೆಯಿಂದ ಆಗುವ ಕುರುಡುತನದಲ್ಲಿ ಶೇ 10ರವರೆಗಿನ ಪಾಲು ಈ ಕಿರಣಗಳದ್ದಾಗಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಹೊಲದಲ್ಲಿ, ದೋಣಿಯಲ್ಲಿ, ಕಟ್ಟಡದ ಕೆಲಸದಲ್ಲಿ ಬಾಳು ಸವೆಸಿದವರ ಕಣ್ಣಿನ ಬಿಳಿಗುಡ್ಡೆಯ ಮೇಲೆ ಮೂಗಿನ ಕಡೆಯಿಂದ ತ್ರಿಕೋನಾಕಾರದಲ್ಲಿ ಮಾಂಸ ಬೆಳೆದು ಕರಿಗುಡ್ಡೆಯತ್ತ ಚಾಚುವುದುಂಟು. ವೈದ್ಯರು ‘ಟೆರಿಜಿಯಂ’ ಎನ್ನುವ ಈ ಬೆಳವಣಿಗೆಗೂ ಬಿಸಿಲಿಗೂ ಇರುವ ನಂಟು ಗಟ್ಟಿಯಾದುದು. ರೆಪ್ಪೆಯ ತೆಳು ಚರ್ಮಕ್ಕೆ ಬರುವ ಕ್ಯಾನ್ಸರುಗಳನ್ನೂ ಈ ಪಟ್ಟಿಗೆ ಸೇರಿಸಬೇಕು.

ಸೆಕೆಯೇ ಬೇರೆ, ಕಿರಣವೇ ಬೇರೆ

ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ತಂಪು ಕನ್ನಡಕ ಬೇಕು, ಬೆಂಗಳೂರು, ಮಡಿಕೇರಿಗಳ ಹಿತವಾದ ಹವೆಯಲ್ಲಿ ಅದು ಬರಿಯ ಅಲಂಕಾರ ಎಂಬ ಎಣಿಕೆ ಸಾಮಾನ್ಯವಾಗಿದೆ. ಆದರೆ ಗಾಳಿಯ ಉಷ್ಣಾಂಶಕ್ಕೂ ನೇರಳಾತೀತ ಕಿರಣದ ಪ್ರಮಾಣಕ್ಕೂ ನೇರವಾದ ಸಂಬಂಧವಿಲ್ಲ. ಕಿರಣದ ಪ್ರಮಾಣವನ್ನು ನಿರ್ಧರಿಸುವುದು ಸೂರ್ಯ ಆಕಾಶದಲ್ಲಿ ಎಷ್ಟು ಎತ್ತರದಲ್ಲಿದ್ದಾನೆ, ಓಜೋನ್ ಪದರ ಎಷ್ಟು ದಪ್ಪವಿದೆ, ಊರು ಸಮುದ್ರಮಟ್ಟದಿಂದ ಎಷ್ಟು ಮೇಲಿದೆ, ಸುತ್ತಲಿನ ನೆಲ ಎಷ್ಟನ್ನು ಪ್ರತಿಫಲಿಸುತ್ತದೆ ಎಂಬ ಸಂಗತಿಗಳು. ಕರ್ನಾಟಕ ಪೂರ್ತಿಯಾಗಿ ಉಷ್ಣವಲಯದೊಳಗೆ ಇರುವುದರಿಂದ ಇಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24 ಹಾಗೂ ಆಗಸ್ಟ್ 18ರ ಸುಮಾರಿಗೆ ನೆಟ್ಟ ಕಂಬದ ನೆರಳು ಅದರ ಬುಡದಲ್ಲಿಯೇ ಅಡಗುವ ‘ಶೂನ್ಯ ನೆರಳಿನ ದಿನ’ಗಳು ಬರುವುದು ಇದೇ ಕಾರಣಕ್ಕೆ. ಉಷ್ಣವಲಯದ ಮೇಲೆ ಓಜೋನ್ ಪದರವೂ ತೆಳು. ಎತ್ತರ ಸಾವಿರ ಮೀಟರ್ ಹೆಚ್ಚಿದಂತೆ ನೇರಳಾತೀತ ಕಿರಣ ಶೇ 10ರಿಂದ 12ರಷ್ಟು ಏರುವುದರಿಂದ, 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನ ತಣ್ಣನೆಯ ಗಾಳಿ ಮೈಯನ್ನು ಸಮಾಧಾನಪಡಿಸಿದರೂ ಕಣ್ಣಿಗೆ ಅದರಿಂದ ರಿಯಾಯಿತಿ ಸಿಗುವುದಿಲ್ಲ. ತೆಳು ಮೋಡವೂ ಕಾಣುವ ಬೆಳಕನ್ನು ತಗ್ಗಿಸಿದಷ್ಟು ಈ ಕಿರಣಗಳನ್ನು ತಗ್ಗಿಸುವುದಿಲ್ಲ.

ಪ್ರತಿಫಲನದ ಲೆಕ್ಕವೂ ಚಿಕ್ಕದಲ್ಲ. ಹುಲ್ಲು, ಮಣ್ಣುಗಳು ನೇರಳಾತೀತ ಕಿರಣದ ಹತ್ತರಲ್ಲಿ ಒಂದು ಪಾಲನ್ನೂ ಹಿಂದಿರುಗಿಸುವುದಿಲ್ಲವಾದರೆ, ಕಡಲತೀರದ ಒಣ ಮರಳು ಸುಮಾರು ಶೇ 15ರಷ್ಟನ್ನು, ಕಡಲ ನೊರೆ ಶೇ 25ರಷ್ಟನ್ನು, ಹೊಸದಾಗಿ ಬಿದ್ದ ಹಿಮ ಶೇ 80ರವರೆಗೂ ಮೇಲಕ್ಕೆ ಎಸೆಯುತ್ತವೆ. ಮಲ್ಪೆಯ ಮರಳಿನ ಮೇಲೆ ಬಲೆ ಹೆಣೆಯುವವರಿಗೂ ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನಾಗರದಲ್ಲಿ ಬೆಳ್ಳಗಿನ ಉಪ್ಪನ್ನು ಎಳೆದು ರಾಶಿ ಮಾಡುವವರಿಗೂ ಬೆಳಕು ಮೇಲಿನಿಂದಷ್ಟೇ ಅಲ್ಲದೆ ಕೆಳಗಿನಿಂದಲೂ ಬಡಿಯುತ್ತದೆ. ನಡುಮಧ್ಯಾಹ್ನ ಹುಬ್ಬಿನ ಏಣು ಕಣ್ಣಿಗೆ ಸೂರಿನಂತೆ ನೆರಳು ಕೊಡುತ್ತದೆ, ಸೂರ್ಯ ಓರೆಯಾಗಿರುವ ಬೆಳಗಿನ ಮತ್ತು ಇಳಿಹೊತ್ತಿನ ವೇಳೆಯಲ್ಲಿ ಆ ಸೂರು ಉಪಯೋಗಕ್ಕೆ ಬಾರದೆ ಕಿರಣಗಳು ನೇರವಾಗಿ ಕಣ್ಣಿಗೆ ನುಗ್ಗುತ್ತವೆ. ಆದುದರಿಂದ ಹತ್ತು ಗಂಟೆಯ ಬಿಸಿಲು ಎಳೆಬಿಸಿಲೆಂದು ಕಣ್ಣಿನ ವಿಷಯದಲ್ಲಿ ಉಪೇಕ್ಷಿಸುವಂತಿಲ್ಲ.

ಸೀಳುಗಂಡಿಯಿಂದ ಸೀರಿಯಂ ಗಾಜಿನವರೆಗೆ

ಬೆಳಕಿನಿಂದ ಕಣ್ಣನ್ನು ಕಾಯುವ ಉಪಾಯ ಗಾಜಿಗಿಂತ ಹಳೆಯದು. ಆರ್ಕ್‌ಟಿಕ್ ಪ್ರದೇಶದ ಇನ್ಯುಯಿಟ್ ಜನರು ಮೂಳೆ, ಕೊಂಬು, ಮರಗಳನ್ನು ಕಣ್ಣಿಗೆ ಒಪ್ಪುವಂತೆ ಕೆತ್ತಿ, ನಡುವೆ ಕೂದಲೆಳೆಯಂಥ ಅಡ್ಡ ಸೀಳನ್ನು ಬಿಟ್ಟು ಮುಖಕ್ಕೆ ಕಟ್ಟಿಕೊಳ್ಳುತ್ತಿದ್ದರು. ಅದರಲ್ಲಿ ಬಣ್ಣದ ಮಸೂರವಿರಲಿಲ್ಲ, ಆದರೂ ಎಲ್ಲ ಬಗೆಯ ಕಿರಣಗಳ ಬಹುಭಾಗವನ್ನು ಅದು ಹೊರಗಿಡುತ್ತಿತ್ತು. ಹೊಲದಲ್ಲಿ ಕೆಲಸ ಮಾಡುವ ಹೆಂಗಸು ತಲೆಯ ಮೇಲಿನ ಸೆರಗನ್ನು ಹಣೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆದುಕೊಳ್ಳುವುದರಲ್ಲಿಯೂ ಇದೇ ತಿಳಿವಿದೆ. ವೈಜ್ಞಾನಿಕವಾಗಿ ಕಿರಣಗಳನ್ನು ಆಯ್ದು ತಡೆಯುವ ಗಾಜನ್ನು ಸಿದ್ಧಪಡಿಸಿದ ಹಿರಿಮೆ ಇಂಗ್ಲೆಂಡಿನ ರಸಾಯನವಿಜ್ಞಾನಿ ವಿಲಿಯಂ ಕ್ರುಕ್ಸ್‌ಗೆ ಸಲ್ಲುತ್ತದೆ. ಗಾಜಿನ ಕುಲುಮೆಯ ಮುಂದೆ ದುಡಿಯುವವರಿಗೆ ಬರುತ್ತಿದ್ದ ಕಣ್ಣಿನ ಪೊರೆಯನ್ನು ತಪ್ಪಿಸಲು ಆತನು ಹಲವು ಲೋಹಗಳ ಆಕ್ಸೈಡುಗಳನ್ನು ಬೆರೆಸಿ ಪರೀಕ್ಷಿಸಿ, ಸೀರಿಯಂ ಬೆರೆಸಿದ ಗಾಜು ನೇರಳಾತೀತ ಕಿರಣವನ್ನು ಹೀರುತ್ತದೆ ಎಂದು 1913ರಲ್ಲಿ ವರದಿ ಮಾಡಿದನು.

ಕ್ರುಕ್ಸ್‌ನ ಕೆಲಸ ಹೊರಗೆಡಹಿದ ಸತ್ಯ ಇಂದಿಗೂ ಪ್ರಸ್ತುತವಾಗಿದೆ: ನೇರಳಾತೀತ ಕಿರಣವನ್ನು ತಡೆಯುವುದು ಮಸೂರದ ಬಣ್ಣದ ಗಾಢತೆಯಲ್ಲ, ಅದರ ದ್ರವ್ಯ ಮತ್ತು ಅದಕ್ಕೆ ಬೆರೆಸಿದ ಅಥವಾ ಲೇಪಿಸಿದ ಹೀರುವಸ್ತು. ಪಾಲಿಕಾರ್ಬನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಬಣ್ಣವೇ ಇಲ್ಲದಿದ್ದರೂ ಈ ಕಿರಣಗಳನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ತಡೆಯುತ್ತದೆ. ಸಾಮಾನ್ಯ ಗಾಜು ಯುವಿ-ಬಿಯನ್ನು ಬಹುವಾಗಿ ತಡೆದರೂ ಯುವಿ-ಎಯ ಗಣನೀಯ ಪಾಲನ್ನು ಒಳಬಿಡುತ್ತದೆ. ಹೀರುವ ಗುಣವಿಲ್ಲದ ಕಡುಗಪ್ಪು ಮಸೂರ ಬರಿಗಣ್ಣಿಗಿಂತಲೂ ಕೇಡು ಮಾಡಬಲ್ಲದು. ಪ್ರಖರ ಬಿಸಿಲಿನಲ್ಲಿ ಕಣ್ಣಿನ ಪಾಪೆ ಎರಡು ಮಿಲಿಮೀಟರಿನಷ್ಟು ಕಿರಿದಾಗುತ್ತದೆ, ರೆಪ್ಪೆಗಳು ಕಿವಿಚಿಕೊಳ್ಳುತ್ತವೆ. ಇದು ದೇಹ ತಾನೇ ಕಲಿತ ಕಾವಲು. ಕಪ್ಪು ಮಸೂರ ಕಾಣುವ ಬೆಳಕನ್ನು ಕಳೆದೊಡನೆ ಪಾಪೆ ಅರಳಿ ರೆಪ್ಪೆ ಸಡಿಲಾಗುತ್ತದೆ, ಹಾಗೆ ತೆರೆದ ಬಾಗಿಲಿನಿಂದ ಕಾಣದ ಕಿರಣ ಹೆಚ್ಚಾಗಿ ಒಳಹೋಗುವ ಸಾಧ್ಯತೆ ಉಂಟಾಗುತ್ತದೆ. ಕಾವಲುಗಾರನನ್ನು ಮಲಗಿಸಿ ಬಾಗಿಲನ್ನು ತೆರೆದಿಟ್ಟಂತೆ ಇದು.

ಚೀಟಿಯ ಮೇಲಿನ ಅಕ್ಷರಗಳು

ಹಾಗಾದರೆ ಕೊಳ್ಳುವವರು ಮೊದಲು ನೋಡಬೇಕಾದುದು ಬೆಲೆಯನ್ನಲ್ಲ, ಬ್ರ್ಯಾಂಡನ್ನೂ ಅಲ್ಲ. ‘ಯುವಿ 400’ ಅಥವಾ ‘ನೂರಕ್ಕೆ ನೂರು ಯುವಿ ರಕ್ಷಣೆ’ ಎಂಬ ಬರಹವನ್ನು. 400 ನ್ಯಾನೊಮೀಟರಿನವರೆಗಿನ ಕಿರಣಗಳನ್ನೆಲ್ಲ ಮಸೂರ ತಡೆಯುತ್ತದೆ ಎಂಬುದು ಆ ಸಂಖ್ಯೆಯ ಅರ್ಥ. ಕೆಲವು ಮಾನದಂಡಗಳು 380 ನ್ಯಾನೊಮೀಟರಿಗೇ ಗೆರೆ ಎಳೆಯುವುದರಿಂದ ಯುವಿ 400 ಎಂಬುದು ಹೆಚ್ಚು ಕಟ್ಟುನಿಟ್ಟಾದ ಭರವಸೆ. ಇಂಥ ಮಾನದಂಡವನ್ನು ರಾಷ್ಟ್ರಮಟ್ಟದಲ್ಲಿ ಮೊದಲು ಜಾರಿಗೆ ತಂದ ದೇಶ ಆಸ್ಟ್ರೇಲಿಯಾ. ಬಿಸಿಲು ಕಡುವಾಗಿರುವ ಆ ನಾಡಿನಲ್ಲಿ 1971ರಲ್ಲಿಯೇ ತಂಪು ಕನ್ನಡಕಗಳಿಗೆ ನಿಯಮ ಬಂದಿತು. ಈಗ ಐಎಸ್ಒ 12312-1 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಇದೆ.

ಈ ಮಾನದಂಡ ಮಸೂರಗಳನ್ನು ಅವು ಒಳಬಿಡುವ ಕಾಣುವ ಬೆಳಕಿನ ಲೆಕ್ಕದಲ್ಲಿ 0ಯಿಂದ 4ರವರೆಗೆ ಐದು ವರ್ಗಗಳಾಗಿ ಮಾಡುತ್ತದೆ. ಶೇ 80ಕ್ಕಿಂತ ಹೆಚ್ಚು ಬೆಳಕನ್ನು ಬಿಡುವ, ಬಣ್ಣವಿಲ್ಲದ ಅಥವಾ ನಸುಬಣ್ಣದ ಮಸೂರ 0 ವರ್ಗಕ್ಕೂ, ಶೇ 43ರಿಂದ 80ರಷ್ಟನ್ನು ಬಿಡುವುದು 1ನೆಯ ವರ್ಗಕ್ಕೂ, ಶೇ 18ರಿಂದ 43ರಷ್ಟನ್ನು ಬಿಡುವುದು 2ನೆಯ ವರ್ಗಕ್ಕೂ ಸೇರುತ್ತವೆ. ಶೇ 8ರಿಂದ 18ರಷ್ಟನ್ನು ಮಾತ್ರ ಬಿಡುವ 3ನೆಯ ವರ್ಗ ನಮ್ಮ ನಾಡಿನ ಬಿಸಿಲಿಗೆ ಸಾಮಾನ್ಯವಾಗಿ ಒಪ್ಪುವಂಥದು. ಶೇ 3ರಿಂದ 8ರಷ್ಟನ್ನು ಬಿಡುವ 4ನೆಯ ವರ್ಗ ಹಿಮಪರ್ವತಗಳಿಗೆ ಮೀಸಲಾದುದು, ಅದನ್ನು ಧರಿಸಿ ವಾಹನ ಓಡಿಸಬಾರದು. ಈ ಅಂಕಿ ಹಿತವನ್ನು ಅಳೆಯುವ ಅಂಕಿ. 3ಕ್ಕಿಂತ 4 ಹೆಚ್ಚು ಕಪ್ಪೆಂದು ಹೇಳುತ್ತದೆಯೇ ಹೊರತು ಹೆಚ್ಚು ಸುರಕ್ಷಿತವೆಂದು ಹೇಳುವುದಿಲ್ಲ. ರಕ್ಷಣೆಗೆ ಯುವಿ 400, ಹಿತಕ್ಕೆ ವರ್ಗಸಂಖ್ಯೆ ಎಂದು ಎರಡನ್ನೂ ಬೇರೆಬೇರೆಯಾಗಿ ಓದಿಕೊಳ್ಳುವುದೇ ಆಯ್ಕೆಯ ಮೊದಲ ಪಾಠ.

ಹಿತದ ಲೆಕ್ಕ: ಬಣ್ಣ ಮತ್ತು ಹೊಳಪು

ಬೂದು ಬಣ್ಣದ ಮಸೂರ ಎಲ್ಲ ಬಣ್ಣಗಳನ್ನೂ ಸರಿಸಮವಾಗಿ ತಗ್ಗಿಸುವುದರಿಂದ ಲೋಕದ ಬಣ್ಣಗಳು ಇದ್ದಂತೆಯೇ ಕಾಣುತ್ತವೆ. ಕಂದು ಬಣ್ಣ ನೀಲಿಯನ್ನು ಹೆಚ್ಚಾಗಿ ತಡೆದು ವಸ್ತುಗಳ ಅಂಚುಗಳನ್ನು ಎದ್ದು ತೋರಿಸುತ್ತದೆ, ಆದ್ದರಿಂದ ರಸ್ತೆಯ ಏರುತಗ್ಗುಗಳನ್ನು ಗಮನಿಸಬೇಕಾದವರಿಗೆ ಅದು ಹಿತ. ಹಸಿರು ಇವೆರಡರ ನಡುವಿನದು. ಕಡು ನೀಲಿ, ಕೆಂಪು, ಗುಲಾಬಿ ಮಸೂರಗಳು ಬಣ್ಣಗಳನ್ನು ತಿರುಚುವುದರಿಂದ ಸಂಚಾರ ದೀಪಗಳನ್ನು ಗುರುತಿಸುವಾಗ ತೊಡಕಾಗಬಹುದು. ಕನ್ನಡಿಯಂಥ ಹೊಳೆಯುವ ಲೇಪ ಒಂದಿಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆಯಾದರೂ ನೇರಳಾತೀತ ಕಿರಣದ ಬಗ್ಗೆ ತಾನಾಗಿ ಏನನ್ನೂ ಖಾತರಿಪಡಿಸುವುದಿಲ್ಲ.

‘ಪೋಲರೈಸ್ಡ್’ ಎಂದು ಮಾರುವ ಮಸೂರದ ಸಂಗತಿ ಸ್ವಲ್ಪ ವಿವರಣೆಯನ್ನು ಬಯಸುತ್ತದೆ. ಸೂರ್ಯನ ಬೆಳಕಿನ ಅಲೆಗಳು ಎಲ್ಲ ದಿಕ್ಕುಗಳಲ್ಲಿಯೂ ಕಂಪಿಸುತ್ತಿರುತ್ತವೆ. ನೀರು, ಟಾರು ರಸ್ತೆ, ಕಾರಿನ ಬಾನೆಟ್ಟಿನಂಥ ಮಟ್ಟಸ ಮೇಲ್ಮೈಗಳಿಂದ ಪ್ರತಿಫಲಿಸಿದಾಗ ಅವುಗಳಲ್ಲಿ ಅಡ್ಡಕ್ಕೆ ಕಂಪಿಸುವ ಅಲೆಗಳೇ ಹೆಚ್ಚಾಗಿ ಉಳಿಯುತ್ತವೆ. ಇದಕ್ಕೆ ಧ್ರುವೀಕರಣ ಎಂದು ಹೆಸರು. 1808ರಲ್ಲಿ ಫ್ರಾನ್ಸಿನ ಎತಿಯೆನ್ ಲೂಯಿ ಮಾಲ್ಯು ಪ್ಯಾರಿಸ್ಸಿನ ಲಕ್ಸೆಂಬರ್ಗ್ ಅರಮನೆಯ ಕಿಟಕಿಗಾಜಿನಲ್ಲಿ ಹೊಳೆಯುತ್ತಿದ್ದ ಸಂಜೆಸೂರ್ಯನನ್ನು ಕ್ಯಾಲ್ಸೈಟ್ ಹರಳಿನ ಮೂಲಕ ನೋಡಿ, ಹರಳನ್ನು ತಿರುಗಿಸಿದಂತೆ ಪ್ರತಿಬಿಂಬದ ಪ್ರಖರತೆ ಬದಲಾಗುವುದನ್ನು ಗುರುತಿಸಿದಾಗ ಈ ವಿದ್ಯಮಾನ ಬೆಳಕಿಗೆ ಬಂದಿತು. ಅಮೆರಿಕದ ಎಡ್ವಿನ್ ಲ್ಯಾಂಡ್ 1929ರಲ್ಲಿ ಅಗ್ಗವಾಗಿ ತಯಾರಿಸಬಹುದಾದ ಧ್ರುವೀಕರಣ ಹಾಳೆಯನ್ನು ರೂಪಿಸಿದ ಮೇಲೆ, 1930ರ ದಶಕದಲ್ಲಿ ಅದು ತಂಪು ಕನ್ನಡಕಗಳಿಗೆ ಬಂದಿತು. ಹಾಳೆ ಅಡ್ಡ ಅಲೆಗಳನ್ನು ತಡೆದು ಲಂಬ ಅಲೆಗಳನ್ನಷ್ಟೇ ಬಿಡುವುದರಿಂದ ನೀರಿನ ಮೇಲಿನ ಹೊಳಪು ಅಳಿಸಿಹೋಗಿ ಅಡಿಯ ಕಲ್ಲು, ಮೀನುಗಳು ಕಾಣುತ್ತವೆ. ಮಧ್ಯಾಹ್ನದ ಹೆದ್ದಾರಿಯ ಬೆಳ್ಳನೆಯ ಥಳಕು ಮಾಯವಾಗುತ್ತದೆ. ದಿನವೆಲ್ಲ ವಾಹನ ಓಡಿಸುವವರಿಗೂ ಮೀನುಗಾರರಿಗೂ ಇದರಿಂದ ಸಿಗುವ ಹಿತ ದೊಡ್ಡದು. ಆದರೆ ಇದೂ ಹಿತದ ಸಾಧನವೇ. ಪೋಲರೈಸ್ಡ್ ಎಂಬ ಪದದಿಂದಲೇ ನೇರಳಾತೀತ ರಕ್ಷಣೆ ಇದೆಯೆಂದು ತಿಳಿಯಬಾರದು. ಅಲ್ಲದೆ ಮೊಬೈಲು, ವಾಹನದ ಎಲ್‌ಸಿಡಿ ಪರದೆಗಳು ಇಂಥ ಮಸೂರದ ಮೂಲಕ ಕೆಲವು ಕೋನಗಳಲ್ಲಿ ಕಪ್ಪಾಗಿ ಕಾಣುವುದರಿಂದ ಅಂಥ ಪರದೆಗಳನ್ನು ನಂಬಿ ಕೆಲಸ ಮಾಡುವವರು ಮೊದಲೇ ಧರಿಸಿ ನೋಡುವುದು ಲೇಸು.

ಬಿಸಿಲಿನಲ್ಲಿ ಕಪ್ಪಾಗಿ ನೆರಳಿನಲ್ಲಿ ತಿಳಿಯಾಗುವ ಫೋಟೊಕ್ರೋಮಿಕ್ ಮಸೂರಗಳು ದೃಷ್ಟಿದೋಷಕ್ಕೆ ನಿತ್ಯ ಕನ್ನಡಕ ಧರಿಸುವವರಿಗೆ ಅನುಕೂಲಕರವಾಗಿವೆ. ಅವುಗಳನ್ನು ಕಪ್ಪಾಗಿಸುವುದು ಮುಖ್ಯವಾಗಿ ನೇರಳಾತೀತ ಕಿರಣವೇ. ಕಾರಿನ ಮುಂಗಾಜು ಆ ಕಿರಣಗಳನ್ನು ತಡೆದುಬಿಡುವುದರಿಂದ ಕಾರಿನೊಳಗೆ ಇಂಥ ಮಸೂರಗಳು ಅಷ್ಟಾಗಿ ಕಪ್ಪಾಗುವುದಿಲ್ಲ, ಕಡುಬೇಸಗೆಯ ಬಿಸಿಯಲ್ಲಿಯೂ ಅವುಗಳ ಕಪ್ಪು ಕೊಂಚ ಕಡಿಮೆಯೇ.

ಚೌಕಟ್ಟು ಮತ್ತು ಪರೀಕ್ಷೆ

ಮಸೂರ ಎಷ್ಟೇ ಉತ್ತಮವಾಗಿದ್ದರೂ ಅದರ ಸುತ್ತಲಿನಿಂದ ನುಸುಳುವ ಬೆಳಕಿಗೆ ಅದು ಹೊಣೆಯಾಗಲಾರದು. ಕಿವಿಯ ಕಡೆಯಿಂದ ಓರೆಯಾಗಿ ಬರುವ ಕಿರಣಗಳನ್ನು ಕಾರ್ನಿಯಾ ಬಾಗಿಸಿ ಕಣ್ಣಿನ ಮೂಗಿನ ಬದಿಯ ಅಂಚಿನಲ್ಲಿ ಒಟ್ಟುಗೂಡಿಸುತ್ತದೆ ಎಂದು ಆಸ್ಟ್ರೇಲಿಯಾದ ನೇತ್ರತಜ್ಞ ಮಿನಾಸ್ ಕೊರೊನಿಯೊ ತೋರಿಸಿಕೊಟ್ಟಿದ್ದಾರೆ. ಟೆರಿಜಿಯಂ ಹೆಚ್ಚಾಗಿ ಮೂಗಿನ ಕಡೆಯಲ್ಲಿಯೇ ಏಕೆ ಬೆಳೆಯುತ್ತದೆ ಎಂಬ ಪ್ರಶ್ನೆಗೆ ಇದು ಒಪ್ಪುವ ಉತ್ತರ. ಆದುದರಿಂದ ಹುಬ್ಬಿನಿಂದ ಕೆನ್ನೆಯ ಮೇಲಂಚಿನವರೆಗೆ ಮುಚ್ಚುವ, ಪಕ್ಕಕ್ಕೆ ಬಾಗಿ ಮುಖಕ್ಕೆ ಹತ್ತಿರವಾಗಿ ಕೂರುವ, ಆದರೆ ರೆಪ್ಪೆಗೂದಲಿಗೆ ತಾಗದ ಚೌಕಟ್ಟು ಉತ್ತಮ. ಮೂಗಿನ ಮೇಲೆ ಜಾರುತ್ತಲೇ ಇರುವ ಚಿಕ್ಕ ದುಂಡು ಮಸೂರ ನೋಡಲು ಚೆಂದವಿರಬಹುದು. ಮೇಲಿನಿಂದ ಬೀಳುವ ಬೆಳಕಿಗೆ ಅದು ತಡೆಯಲ್ಲ. ಅಗಲ ಅಂಚಿನ ಟೋಪಿಯೊಂದು ಕಣ್ಣಿಗೆ ತಲುಪುವ ನೇರಳಾತೀತ ಕಿರಣವನ್ನು ಗಣನೀಯವಾಗಿ ಇಳಿಸುವುದರಿಂದ ಕನ್ನಡಕ, ಟೋಪಿಗಳು ಜೊತೆಗಿರುವುದೇ ಸರಿ.

ಅಂಗಡಿಯಲ್ಲಿಯೇ ಮಾಡಬಹುದಾದ ಕೆಲವು ಪರೀಕ್ಷೆಗಳಿವೆ. ಕನ್ನಡಕವನ್ನು ತೋಳಿನಷ್ಟು ದೂರ ಹಿಡಿದು, ಅದರ ಮೂಲಕ ಬಾಗಿಲಿನ ಚೌಕಟ್ಟಿನಂಥ ನೆಟ್ಟನೆಯ ಗೆರೆಯೊಂದನ್ನು ನೋಡುತ್ತ ನಿಧಾನವಾಗಿ ಮೇಲೆ ಕೆಳಗೆ, ಅತ್ತ ಇತ್ತ ಸರಿಸಿದಾಗ ಗೆರೆ ಹಾವಿನಂತೆ ಬಳುಕಿದರೆ ಮಸೂರದಲ್ಲಿ ದೋಷವಿದೆ. ಅಂಥದನ್ನು ಹೆಚ್ಚು ಹೊತ್ತು ಧರಿಸಿದರೆ ಕಣ್ಣು ದಣಿಯುತ್ತದೆ, ತಲೆ ನೋಯುತ್ತದೆ. ಪೋಲರೈಸ್ಡ್ ಎಂಬ ಹೇಳಿಕೆ ನಿಜವೇ ಎಂದು ತಿಳಿಯಲು ಅಂಥದೇ ಎರಡು ಕನ್ನಡಕಗಳ ಮಸೂರಗಳನ್ನು ಒಂದರ ಮುಂದೊಂದು ಹಿಡಿದು ಒಂದನ್ನು ಕಾಲು ಸುತ್ತು ತಿರುಗಿಸಬೇಕು. ಬೆಳಕು ಪೂರ್ತಿ ಕಪ್ಪಿಟ್ಟರೆ ಮಾತು ನಿಜ. ನೇರಳಾತೀತ ರಕ್ಷಣೆಯನ್ನು ಅಳೆಯುವ ಚಿಕ್ಕ ಮಾಪಕ ಅನೇಕ ಕನ್ನಡಕದಂಗಡಿಗಳಲ್ಲಿ ಇರುತ್ತದೆ, ಕೇಳಲು ಸಂಕೋಚಪಡಬೇಕಿಲ್ಲ. ಅದಿಲ್ಲದಿದ್ದರೆ ಖೋಟಾ ನೋಟು ಪತ್ತೆಗೆ ಬಳಸುವ 365 ನ್ಯಾನೊಮೀಟರಿನ ಟಾರ್ಚಿನಿಂದ ಒರಟಾದ ಪರೀಕ್ಷೆಯೊಂದು ಸಾಧ್ಯ. ಭಾರತೀಯ ನೋಟಿನ ಕ್ರಮಸಂಖ್ಯೆ ಮತ್ತು ಕಾಗದದೊಳಗಿನ ಸಣ್ಣ ಎಳೆಗಳು ಈ ಬೆಳಕಿಗೆ ಹೊಳೆಯುತ್ತವೆ. ಟಾರ್ಚಿಗೂ ನೋಟಿಗೂ ನಡುವೆ ಮಸೂರವನ್ನು ಹಿಡಿದು ನೋಟನ್ನು ಪಕ್ಕದಿಂದ ಬರಿಗಣ್ಣಿನಲ್ಲಿ ಗಮನಿಸಿದಾಗ ಆ ಹೊಳಪು ಆರಿಹೋಗಬೇಕು. ಹೊಳಪು ಉಳಿದರೆ ಕಿರಣ ದಾಟುತ್ತಿದೆ ಎಂದರ್ಥ. ಟಾರ್ಚನ್ನು ಕಣ್ಣಿಗೆ ಮಾತ್ರ ಬಿಡಬಾರದು.

ಮಿತಿಗಳು

ತಂಪು ಕನ್ನಡಕ ಎಲ್ಲಕ್ಕೂ ಮದ್ದಲ್ಲ. ವೆಲ್ಡಿಂಗಿಗೆ ಅದರದೇ ಮುಖಕವಚ ಬೇಕು. ಸೂರ್ಯಗ್ರಹಣವನ್ನು ಯಾವ ತಂಪು ಕನ್ನಡಕದಿಂದಲೂ ನೋಡುವಂತಿಲ್ಲ. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗುಗಳಲ್ಲಿ ಕಂಕಣ ಗ್ರಹಣ ಕಂಡಂಥ ಸಂದರ್ಭಗಳಿಗೆ ಐಎಸ್ಒ 12312-2 ಎಂಬ ಬೇರೆಯೇ ಮಾನದಂಡದ, ಅತ್ಯಂತ ದಟ್ಟವಾದ ಶೋಧಕ ಇರಬೇಕು. ಶೇ 75ಕ್ಕಿಂತ ಕಡಿಮೆ ಬೆಳಕನ್ನು ಬಿಡುವ ಮಸೂರ ಮುಸ್ಸಂಜೆಯ ಮತ್ತು ರಾತ್ರಿಯ ಚಾಲನೆಗೆ ಸಲ್ಲದು. ರಾತ್ರಿ ಎದುರು ವಾಹನದ ದೀಪದಿಂದ ಪಾರಾಗಲೆಂದು ಮಾರುವ ಹಳದಿ ಕನ್ನಡಕಗಳೂ ಇರುವ ಅಲ್ಪ ಬೆಳಕಿನಲ್ಲಿ ಒಂದಷ್ಟನ್ನು ಕಳೆಯುತ್ತವೆಯೇ ವಿನಾ ನೋಟವನ್ನು ಚುರುಕಾಗಿಸುವುದಿಲ್ಲ. ಒಳಾಂಗಣದಲ್ಲಿಯೂ ಕಪ್ಪು ಕನ್ನಡಕವಿಲ್ಲದೆ ಇರಲಾಗದಷ್ಟು ಬೆಳಕು ಚುಚ್ಚುತ್ತಿದ್ದರೆ ಅದು ಕಣ್ಣಿನ ಉರಿಯೂತದಂಥ ಬೇರೆ ತೊಂದರೆಯ ಸೂಚನೆಯಾಗಿರಬಹುದಾದ್ದರಿಂದ ವೈದ್ಯರನ್ನು ಕಾಣಬೇಕು. ಮಕ್ಕಳಿಗೆ ಬಿಸಿಲಾಟವನ್ನು ತಪ್ಪಿಸುವುದು ಉಪಾಯವಲ್ಲ, ಬಯಲಿನ ಬೆಳಕು ಅವರ ದೃಷ್ಟಿಯ ಬೆಳವಣಿಗೆಗೆ ಒಳ್ಳೆಯದು. ಟೋಪಿ ಹಾಕಿಸಿ, ಕಡು ಬಿಸಿಲಿದ್ದಾಗ ಒಡೆಯದ ಪಾಲಿಕಾರ್ಬನೇಟ್ ಮಸೂರದ ಕನ್ನಡಕ ಕೊಟ್ಟು ಆಡಲು ಬಿಡುವುದು ಸರಿಯಾದ ದಾರಿ. ಆಟಿಕೆಯ ಅಂಗಡಿಯ ಬಣ್ಣದ ಕನ್ನಡಕ ಅದಕ್ಕೆ ಬದಲಿಯಾಗದು.

ಕನ್ನಡ ನಾಡಿನಲ್ಲಿ ಕಪ್ಪು ಕನ್ನಡಕವನ್ನು ಸಾಮಾನ್ಯ ಜನರ ಮುಖಕ್ಕೆ ತಂದದ್ದರಲ್ಲಿ ಕಣ್ಣಿನ ಶಿಬಿರಗಳ ಪಾಲು ದೊಡ್ಡದು. ಡಾ. ಎಂ.ಸಿ. ಮೋದಿಯವರಂಥ ವೈದ್ಯರು ಊರೂರು ತಿರುಗಿ ಪೊರೆ ತೆಗೆದ ಕಾಲದಿಂದ ಇಂದಿನವರೆಗೂ, ಶಸ್ತ್ರಚಿಕಿತ್ಸೆ ಮುಗಿಸಿ ಸಾಲಾಗಿ ಕುಳಿತ ಹಿರಿಯರು ಕಪ್ಪು ಕನ್ನಡಕ ಧರಿಸಿರುವ ನೋಟ ಹಳ್ಳಿಗಳಿಗೆ ಪರಿಚಿತ. ಕಣ್ಣು ಕೆಟ್ಟ ಮೇಲೆ ಬರುವ ಆ ಕನ್ನಡಕ, ಕಣ್ಣು ಚೆನ್ನಾಗಿರುವಾಗಲೇ, ಬಿಸಿಲಿನಲ್ಲಿ ದುಡಿಯುವ ರೈತ, ಗಾರೆಕೆಲಸದವ, ಮೀನುಗಾರ, ಸಂಚಾರ ಪೊಲೀಸ್, ದ್ವಿಚಕ್ರ ಸವಾರರ ಮುಖಕ್ಕೆ ಬರಬೇಕಾದುದು ನ್ಯಾಯ. ಅವರಿಗದು ಶೋಕಿಯಲ್ಲ, ಕೈಗವಸು, ಹೆಲ್ಮೆಟ್ಟುಗಳಂತೆ ಕೆಲಸದ ಸಲಕರಣೆ. ಯುವಿ 400 ರಕ್ಷಣೆಯುಳ್ಳ, 3ನೆಯ ವರ್ಗದ, ಬೂದು ಅಥವಾ ಕಂದು ಬಣ್ಣದ, ಮುಖವನ್ನು ತಬ್ಬಿ ಕೂರುವ ಪಾಲಿಕಾರ್ಬನೇಟ್ ಕನ್ನಡಕ ಈ ಎಲ್ಲರಿಗೂ ಸಾಕು. ಅದಕ್ಕಿಂತ ಹೆಚ್ಚಾಗಿ ಕೊಡುವ ಹಣವೆಲ್ಲ ಬಹುಮಟ್ಟಿಗೆ ಅಂದಕ್ಕೆ ಮತ್ತು ಹೆಸರಿಗೆ ಸಲ್ಲುತ್ತದೆ.